ಕತ್ತರಿ ಮೇಡಂ ನಡೆಸಿದ ಕೊನೆಯ ಭಾಷಾ ದಿನ

ಆ ಹೈಸ್ಕೂಲಿನಲ್ಲಿ ಫ್ರೆಂಚ್ ಕಲಿಸುತ್ತಿದ್ದವಳಿಗೆ ಮಕ್ಕಳು ಕತ್ತರಿ ಮೇಡಂ ಅಂತ ಹೆಸರಿಟ್ಟಿದ್ದರು. ಅಂಕ ಕೊಡುವಾಗ ಅರ್ಧವನ್ನೂ ಬಿಡದೆ ಕತ್ತರಿಸುತ್ತಾಳೆ ಅನ್ನುವುದು ಒಂದು ಕಾರಣ, ಮಾತಿನಲ್ಲೂ ಹಾಗೇ ಅನ್ನುವುದು ಇನ್ನೊಂದು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಬೇಸರವೇನೂ ಆಗಿರಲಿಲ್ಲ. "ಮೊಂಡು ಕತ್ತರಿ ಅಂದಿದ್ದರೆ ಬೇಜಾರಾಗ್ತಿತ್ತು" ಅಂತ ಗಂಡನ ಹತ್ತಿರ ಹೇಳಿ ನಕ್ಕಿದ್ದಳು. ಅವಳು ನಗುವುದನ್ನು ಕಂಡವರು ಕಡಿಮೆ. ಗಂಡ ಆ ಕೆಲವರಲ್ಲಿ ಒಬ್ಬ.

ಫ್ರೆಂಚ್ ಅವಳಿಗೆ ಮನೆಯಿಂದ ಬಂದ ವಿದ್ಯೆಯಲ್ಲ. ಕಾಲೇಜಿನಲ್ಲಿ ಬೇರೆ ವಿಷಯಕ್ಕೆ ಸೀಟು ಸಿಗದೆ ಹೋಗಿ, ಖಾಲಿ ಇದ್ದ ತರಗತಿಯಲ್ಲಿ ಕೂತವಳು ಅಲ್ಲೇ ಬೇರು ಬಿಟ್ಟಳು. ಒಂದು ಹಳೆಯ ಟೇಪ್ ರೆಕಾರ್ಡರ್ ಮುಂದೆ ಕೂತು, ಕ್ಯಾಸೆಟ್ಟಿನ ರಿಬ್ಬನ್ ಸವೆದು ಮಾತಾಡುವ ಹೆಂಗಸಿನ ದನಿ ಗಂಡಸಿನ ದನಿಯಾಗುವ ತನಕ ಕೇಳಿ ಕಲಿತಳು. ಆ ದೇಶವನ್ನು ಅವಳು ಕಂಡಿರಲಿಲ್ಲ. ಆ ದೇಶದವನು ಅಂತ ಅವಳಿಗೆ ಸಿಕ್ಕಿದ್ದು ಒಬ್ಬನೇ. ಬೆನ್ನಿಗೆ ಚೀಲ ಹಾಕಿಕೊಂಡು ದಾರಿ ತಪ್ಪಿದ್ದ ಪ್ರವಾಸಿ. ರೈಲ್ವೆ ಸ್ಟೇಷನ್ ಎಲ್ಲಿ ಅಂತ ಅವನು ತಡವರಿಸಿ ಕೇಳಿದಾಗ ಅವಳು ಅವನ ಭಾಷೆಯಲ್ಲೇ ಉತ್ತರ ಕೊಟ್ಟಳು. ಅವನಿಗೆ ಅರ್ಥವಾಯಿತು. ಅರ್ಥವಾಯಿತಲ್ಲ ಅನ್ನುವ ಖುಷಿಗೆ ಸ್ಟೇಷನ್ನಿನ ತನಕ ಜೊತೆಗೆ ನಡೆದುಕೊಂಡು ಹೋಗಿ, ಅವತ್ತು ಮೊದಲ ಪೀರಿಯಡ್ಡಿಗೆ ತಡವಾಗಿ ಬಂದಿದ್ದಳು.

ಭಾಷಾ ದಿನವನ್ನು ಶುರು ಮಾಡಿದ್ದು ಅವಳೇ. ಮೊದಲ ವರ್ಷ ಒಂದು ತರಗತಿಯ ಬೆಂಚುಗಳನ್ನು ಹಿಂದಕ್ಕೆ ಸರಿಸಿ, ಮನೆಯಿಂದ ತಂದ ಹಾಸಿಗೆ ಹೊದಿಕೆಯನ್ನೇ ಪರದೆ ಮಾಡಿ ಕಟ್ಟಿದ್ದಳು. ಬರಬರುತ್ತಾ ಊರಿನ ಬೇರೆ ಶಾಲೆಗಳೂ ಮಕ್ಕಳನ್ನು ಕಳಿಸತೊಡಗಿದವು. ಪದ್ಯವಾಚನ, ಕಿರುನಾಟಕ, ಸ್ಪೆಲ್ಲಿಂಗ್, ಗೋಡೆಚಿತ್ರ. ಎಲ್ಲದಕ್ಕೂ ನಿಯಮ ಬರೆದವಳು ಅವಳು. ಹೆಚ್ಚು ಅಂಕ ಗಳಿಸಿದ ಶಾಲೆಗೆ ಒಂದು ಫಲಕ. ಅದು ಪ್ರತಿ ವರ್ಷವೂ ಅವಳ ಶಾಲೆಯ ಗೋಡೆಯಲ್ಲೇ ಉಳಿಯುತ್ತಿತ್ತು.

ಹೀಗಿರುವಾಗ ಮನೆಗೆ ಓರಗಿತ್ತಿ ಬಂದಳು.

ಕತ್ತರಿ ಮೇಡಂ ಗಂಡನೂ ಮೈದುನನೂ ಸೇರಿ ಒಂದು ಕನ್ನಡಕದ ಅಂಗಡಿ ನಡೆಸುತ್ತಿದ್ದರು. ಒಂದೇ ಮನೆ, ಕೆಳಗೆ ಅಣ್ಣ, ಮೇಲೆ ತಮ್ಮ, ನಡುವೆ ಕಬ್ಬಿಣದ ಮೆಟ್ಟಿಲು. ಮೈದುನನ ಹೆಂಡತಿ ಜರ್ಮನ್ ಕಲಿತು ಪರೀಕ್ಷೆಗಳನ್ನೆಲ್ಲ ಮುಗಿಸಿ ಮನೆಯಲ್ಲಿ ಸುಮ್ಮನೆ ಕೂತಿದ್ದಳು. "ಅಕ್ಕಾ, ನಿಮ್ಮ ಶಾಲೆಯಲ್ಲಿ ಏನಾದರೂ ಇದ್ದರೆ ಹೇಳಿ" ಅಂತ ಕೇಳಿಕೊಂಡಳು. ಕತ್ತರಿ ಮೇಡಂ ಹೆಡ್‌ಮಾಸ್ಟರ ಬಾಗಿಲಿಗೆ ಹೋಗಿ, "ನಮ್ಮ ಮನೆ ಹುಡುಗಿ ಸರ್, ಕೆಲಸಗಳ್ಳಿ ಅಲ್ಲ" ಅಂತ ಮಾತು ಕೊಟ್ಟು ಸೇರಿಸಿದಳು. ಆಮೇಲೆ ಆ ಮಾತನ್ನು ನೆನೆಸಿಕೊಂಡಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಓರಗಿತ್ತಿ ವ್ಯಾಕರಣವನ್ನು ಹಾಡು ಕಟ್ಟಿ ಹೇಳಿಕೊಡುತ್ತಿದ್ದಳು. ಚಪ್ಪಾಳೆ ತಟ್ಟಿಸಿ ಕ್ರಿಯಾಪದ ಕಲಿಸುತ್ತಿದ್ದಳು. ಮಕ್ಕಳು ಅವಳಿಗೆ ಹಾಡು ಮಿಸ್ ಅಂತ ಹೆಸರಿಟ್ಟರು. ಕಾರಿಡಾರಿನ ಆ ತುದಿಯಿಂದ ನಗು ಕೇಳಿಸಿದರೆ ಅದು ಜರ್ಮನ್ ಕ್ಲಾಸು ಅಂತ ಜವಾನನಿಗೂ ಗೊತ್ತು. ಫ್ರೆಂಚ್ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಅದನ್ನಾದರೂ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಹೈಸ್ಕೂಲಿಗೆ ಬಂದ ಸ್ವಂತ ಮಗಳು, ಭಾಷೆ ಆರಿಸಿಕೊಳ್ಳುವ ದಿನ, ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ ಹೇಳಿದಳು, "ಅಮ್ಮಾ, ನಾನು ಜರ್ಮನ್ ತಗೊಂಡೆ."

"ಯಾಕೆ?"

"ಮನೆಯಲ್ಲೂ ನೀನು, ಶಾಲೆಯಲ್ಲೂ ನೀನು ಅಂದರೆ ಕಷ್ಟ ಆಗತ್ತೆ."

ಕತ್ತರಿ ಮೇಡಂ ಎದ್ದು ಹೋಗಿ ನಲ್ಲಿ ತಿರುಗಿಸಿ, ತೊಳೆದಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅಂದಿನಿಂದ ಕಬ್ಬಿಣದ ಮೆಟ್ಟಿಲಿನ ಮೇಲೆ ಯಾರು ಹತ್ತಿದರೂ ಇಳಿದರೂ ಅವಳ ಎದೆಗೆ ಬಡಿದ ಹಾಗಾಗುತ್ತಿತ್ತು. ಮಗಳು ಸಂಜೆಯಾದರೆ ಪುಸ್ತಕ ಎತ್ತಿಕೊಂಡು ಚಿಕ್ಕಮ್ಮನ ಹತ್ತಿರ ಮೇಲೆ ಓಡುತ್ತಿದ್ದಳು.

ಆ ವರ್ಷ ಹೆಡ್‌ಮಾಸ್ಟರು ಇಬ್ಬರನ್ನೂ ಕರೆಸಿದರು. ಅವರು ಯಾರ ಮನಸ್ಸನ್ನೂ ನೋಯಿಸದೆ ಎಲ್ಲರನ್ನೂ ಇಕ್ಕಟ್ಟಿಗೆ ತಳ್ಳುವುದರಲ್ಲಿ ಪಳಗಿದ ಕೈ.

"ಈ ಸಲ ಭಾಷಾ ದಿನ ನೀವಿಬ್ಬರೂ ಸೇರಿ ನಡೆಸಿ" ಅಂದರು. "ಒಂದೇ ಮನೆಯವರು. ಸುಲಭ ಆಗತ್ತೆ."

"ಒಂದೇ ಮನೆಯವರು ಅಂತಲೇ ಬೇಡ ಅಂತೀನಿ ಸರ್" ಅಂದಳು ಕತ್ತರಿ ಮೇಡಂ.

"ನನಗೇನೂ ತೊಂದರೆ ಇಲ್ಲ ಸರ್" ಅಂದಳು ಓರಗಿತ್ತಿ. "ಅಕ್ಕ ಹೇಳಿದ ಹಾಗೆ ಕೇಳ್ತೀನಿ."

"ಶಾಲೆಯಲ್ಲಿ ಅಕ್ಕ ಅನ್ನಬೇಡ ಅಂತ ಹೇಳಿದ್ದೀನಿ."

"ಸರಿ ಮೇಡಂ."

ಆ 'ಮೇಡಂ' ಬಾಯಿಂದ ಬಂದ ರೀತಿಗೆ ಹೆಡ್‌ಮಾಸ್ಟರು ಕಿಟಕಿಯಾಚೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಇನ್ನೊಂದು ಮಾತು ಹೇಳಿದರು. ಬರುವ ವರ್ಷದಿಂದ ಶಾಲೆಯಲ್ಲಿ ಒಂದೇ ವಿದೇಶಿ ಭಾಷೆ ಪೂರ್ಣಪ್ರಮಾಣದಲ್ಲಿ ಇರುತ್ತದೆ, ಇನ್ನೊಂದು ವಾರಕ್ಕೊಂದು ತರಗತಿಗೆ ಇಳಿಯುತ್ತದೆ, ಯಾವುದು ಅಂತ ಆಡಳಿತದವರು ಭಾಷಾ ದಿನ ನೋಡಿ ತೀರ್ಮಾನ ಮಾಡುತ್ತಾರೆ.

ಅಲ್ಲಿಂದ ಯುದ್ಧ ನೇರವಾಗಿಯೇ ಶುರುವಾಯಿತು. ಕತ್ತರಿ ಮೇಡಂ ಸಭಾಂಗಣವನ್ನು ಇಡೀ ಬೆಳಿಗ್ಗೆ ಫ್ರೆಂಚ್ ನಾಟಕಕ್ಕೆ ಇಟ್ಟುಕೊಂಡು, ಜರ್ಮನ್ ನಾಟಕವನ್ನು ಊಟದ ಹೊತ್ತಿಗೆ ಹಾಕಿದಳು. ಓರಗಿತ್ತಿ ಹೆಡ್‌ಮಾಸ್ಟರ ಹತ್ತಿರ ಹೋಗಿ, ಧ್ವನಿವರ್ಧಕ ತನ್ನ ಹೆಸರಿನಲ್ಲಿ ಮಾಡಿಸಿಕೊಂಡಳು. ಫ್ರೆಂಚ್ ಮಕ್ಕಳ ಅಭ್ಯಾಸಕ್ಕೆ ಅದು ಯಾವತ್ತೂ ಬಿಡುವಾಗಿ ಸಿಗಲಿಲ್ಲ. ಕತ್ತರಿ ಮೇಡಂ ಸ್ವಾಗತದ ಬ್ಯಾನರಿನಲ್ಲಿ ಫ್ರೆಂಚ್ ಅಕ್ಷರ ದೊಡ್ಡದಾಗಿ, ಜರ್ಮನ್ ಅಕ್ಷರ ಕೆಳಗೆ ಸಣ್ಣದಾಗಿ ಬರೆಸಿದಳು. ಮರುದಿನ ಬ್ಯಾನರು ಕೆಳಭಾಗ ಮೇಲಾಗಿ ನೇತಾಡುತ್ತಿತ್ತು. "ಕಟ್ಟುವವರಿಗೆ ಯಾವುದು ಮೇಲೆ ಅಂತ ಗೊತ್ತಾಗಲಿಲ್ಲವಂತೆ" ಅಂದಳು ಓರಗಿತ್ತಿ, ಚಹಾ ಕಪ್ಪಿನ ಮೇಲಿಂದ.

ಮನೆಯಲ್ಲಿ ಅಣ್ಣತಮ್ಮಂದಿರು ಬಾಯಿಗೆ ಬೀಗ ಹಾಕಿಕೊಂಡು, ಬೇಗ ಅಂಗಡಿ ತೆರೆದು ತಡವಾಗಿ ಮುಚ್ಚತೊಡಗಿದರು.

ಮಗಳು ಜರ್ಮನ್ ಪದ್ಯವಾಚನಕ್ಕೆ ಹೆಸರು ಕೊಟ್ಟಿದ್ದಳು. ಹೊಗೆಗೂಡಿನ ಮೇಲೆ ಗೂಡು ಕಟ್ಟುವ ಒಂದು ಹಕ್ಕಿಯ ಪದ್ಯ ಅಂತ ಗಂಡನ ಮೂಲಕ ಕತ್ತರಿ ಮೇಡಂಗೆ ತಿಳಿಯಿತು. ಮಗಳು ತಾನಾಗಿ ಹೇಳಿರಲಿಲ್ಲ. ಆದರೆ ಹುಡುಗಿ ಅದನ್ನು ಬಚ್ಚಲಲ್ಲಿ ಹೇಳುತ್ತಿದ್ದಳು, ತಲೆ ಬಾಚಿಕೊಳ್ಳುತ್ತಾ ಹೇಳುತ್ತಿದ್ದಳು, ಶೂ ಲೇಸ್ ಕಟ್ಟುತ್ತಾ ಹೇಳುತ್ತಿದ್ದಳು. ನಾಲ್ಕು ನುಡಿಗಳ ಪದ್ಯ, ನುಡಿಗೆ ನಾಲ್ಕು ಸಾಲು. ಮೂರನೆಯ ನುಡಿಯ ಮೊದಲ ಪದಕ್ಕೆ ಬಂದಾಗ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡವರ ಹಾಗೆ ಒಂದು ಸದ್ದು ಬರುತ್ತಿತ್ತು. ಅಲ್ಲಿ ಎಡವಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ಕೇಳಬಾರದು ಅಂತ ಕತ್ತರಿ ಮೇಡಂ ರೇಡಿಯೋ ಜೋರು ಮಾಡುತ್ತಿದ್ದಳು. ಆದರೂ ಒಂದು ದಿನ ತರಕಾರಿ ಹೆಚ್ಚುತ್ತಾ ಆ ಪದ್ಯ ತನ್ನ ತುಟಿಯ ಮೇಲೇ ಓಡುತ್ತಿರುವುದು ಗೊತ್ತಾಗಿ ಚಾಕು ಕೆಳಗಿಟ್ಟಳು. ಒಂದು ಪದದ ಅರ್ಥವೂ ಗೊತ್ತಿಲ್ಲದೆ ಇಡೀ ಪದ್ಯ ಅವಳಿಗೆ ಬಾಯಿಗೆ ಬಂದಿತ್ತು.

ಪದ್ಯವಾಚನಕ್ಕೆ ಇಬ್ಬರು ತೀರ್ಪುಗಾರರು. ಭಾಷೆ ನೋಡುವವರು ಒಬ್ಬರು, ನೆನಪು ಮತ್ತು ಹಾವಭಾವ ನೋಡುವವರು ಒಬ್ಬರು. ಜರ್ಮನ್ನಿಗೆ ಭಾಷೆ ನೋಡಲು ಅನುವಾದಕರಾಗಿದ್ದು ನಿವೃತ್ತರಾದ ಮುದುಕರೊಬ್ಬರು ಒಪ್ಪಿದ್ದರು. ಹಾವಭಾವಕ್ಕೆ ರೇಡಿಯೋದಲ್ಲಿ ವಾರ್ತೆ ಓದುವ ಒಬ್ಬಾಕೆ. ಸ್ಪರ್ಧೆ ಮೊದಲು ಮಧ್ಯಾಹ್ನಕ್ಕಿತ್ತು. ಕೊನೆಯ ವಾರದಲ್ಲಿ ಬೆಳಿಗ್ಗೆಗೆ ಬಂತು. ವಾರ್ತೆ ಓದುವಾಕೆಗೆ ಫೋನ್ ಮಾಡಿ ತಿಳಿಸುವ ಕೆಲಸ ಕತ್ತರಿ ಮೇಡಂ ಪಾಲಿಗೆ ಬಿದ್ದಿತ್ತು. ಒಲೆ ಮುಂದೆ ನಿಂತಾಗ ಅದು ನೆನಪಾಯಿತು. ಬಸ್ಸಿಗೆ ಕಾಯುವಾಗ ನೆನಪಾಯಿತು. ಫೋನ್ ಕೈಯಲ್ಲೇ ಇತ್ತು. ಆಮೇಲೆ ಮಾಡಿದರಾಯಿತು ಅಂದುಕೊಂಡಳು. ಮರೆತಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಾಡಲಿಲ್ಲ, ಅಷ್ಟೇ.

ಭಾಷಾ ದಿನದ ಬೆಳಿಗ್ಗೆ ಶಾಲೆಯ ಅಂಗಳ ತುಂಬಿ ಹೋಯಿತು. ಬೇರೆ ಬೇರೆ ಸಮವಸ್ತ್ರದ ಮಕ್ಕಳು ಕಾಗದದ ಟೋಪಿ ಹಾಕಿಕೊಂಡು, ಬಾಯಿಪಾಠ ಗುನುಗುತ್ತಾ, ಯಾವ ಕೋಣೆ ಎಲ್ಲಿ ಅಂತ ತಿಳಿಯದೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಫ್ರೆಂಚ್ ನಾಟಕ ಚೆನ್ನಾಗಿಯೇ ಆಯಿತು. ಆಡಳಿತದವರು ಮುಂದಿನ ಸಾಲಿನಲ್ಲಿ ಕೂತು ನಕ್ಕರು. ಕತ್ತರಿ ಮೇಡಂ ಬೆವರು ಒರೆಸಿಕೊಂಡು ಸ್ಟಾಫ್ ರೂಮಿಗೆ ಬಂದರೆ ಅಲ್ಲಿ ಓರಗಿತ್ತಿ ಹೆಡ್‌ಮಾಸ್ಟರ ಎದುರು ನಿಂತಿದ್ದಳು. ಮುಖ ಕೆಂಪಾಗಿತ್ತು.

"ವಾರ್ತೆ ಓದೋರು ಬಂದಿಲ್ಲ ಸರ್. ನಾನೇ ಫೋನ್ ಮಾಡಿದೆ. ಸಮಯ ಬದಲಾಗಿದ್ದು ಅವರಿಗೆ ಗೊತ್ತೇ ಇಲ್ಲ. ಯಾರೂ ಹೇಳಿಲ್ಲವಂತೆ."

ಕೋಣೆಯಲ್ಲಿದ್ದವರೆಲ್ಲ ಕತ್ತರಿ ಮೇಡಂ ಕಡೆ ತಿರುಗಿದರು.

"ಬಿಟ್ಟು ಹೋಯಿತು" ಅಂದಳು ಅವಳು.

"ನಿಮಗೆ ಬಿಟ್ಟು ಹೋಯಿತಾ? ಅಲ್ಪವಿರಾಮ ಬಿಟ್ಟರೆ ಮಕ್ಕಳನ್ನ ಬಾಗಿಲಾಚೆ ನಿಲ್ಲಿಸೋರು ನೀವು."

"ದನಿ ಇಳಿಸಿ ಮಾತಾಡು."

"ಮನೆಯಲ್ಲಿ ಇಳಿಸಿದ್ದು ಸಾಕಾಗಿದೆ ಅಕ್ಕ. ನಿಮ್ಮ ಕಾಲ ಕೆಳಗೆ ಬಿದ್ದಿರಬೇಕು ಅಂತ ತಾನೇ ನನ್ನ ಈ ಶಾಲೆಗೆ ಸೇರಿಸಿದ್ದು? ನಾನು ಎದ್ದು ನಿಂತೆ. ಅದೇ ನಿಮಗೆ ಉರಿ."

"ಎದ್ದು ನಿಂತಿದ್ದು ನನ್ನ ಹೆಗಲ ಮೇಲೆ. ಅದನ್ನೂ ಹೇಳು."

ಹೆಡ್‌ಮಾಸ್ಟರು ಇಬ್ಬರ ನಡುವೆ ಕೈ ಚಾಚಿದರು. ಮಕ್ಕಳು ಕೋಣೆಯಲ್ಲಿ ಕಾಯುತ್ತಿದ್ದಾರೆ, ಬೇರೆ ಶಾಲೆಯ ಶಿಕ್ಷಕರು ಗೊಣಗುತ್ತಿದ್ದಾರೆ, ನಮ್ಮ ಶಿಕ್ಷಕರೆಲ್ಲ ಒಂದೊಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದಾರೆ. ಬಿಡುವಿರುವವರು ಒಬ್ಬರೇ. "ಮೇಡಂ, ನೀವೇ ಕೂತುಬಿಡಿ. ಹಾವಭಾವಕ್ಕೆ ಭಾಷೆ ಬರಬೇಕಾಗಿಲ್ಲ."

"ಅವರ ಮಗಳೇ ಸ್ಪರ್ಧೆಯಲ್ಲಿದ್ದಾಳೆ ಸರ್" ಅಂದಳು ಓರಗಿತ್ತಿ.

"ಮಗಳು ಅಂತ ಹೆಚ್ಚು ಅಂಕ ಕೊಡೋರಲ್ಲ ಅವರು."

"ಹೆಚ್ಚು ಕೊಡ್ತಾರೆ ಅನ್ನೋದು ನನ್ನ ಭಯ ಅಲ್ಲ ಸರ್."

ಕತ್ತರಿ ಮೇಡಂ ಬೇಡ ಅನ್ನಬಹುದಿತ್ತು. ಬಾಯಿ ತುದಿಗೆ ಬಂದೂ ಇತ್ತು. ಆದರೆ ಓರಗಿತ್ತಿಯ ಆ ಕೊನೆಯ ಮಾತು ಕೇಳಿದ ಮೇಲೆ ಹಿಂದೆ ಸರಿಯಲು ಅವಳ ಮನಸ್ಸು ಒಪ್ಪಲಿಲ್ಲ. "ನಡೀರಿ" ಅಂತ ತಾನೇ ಮುಂದೆ ಹೊರಟಳು.

ಕೋಣೆಯಲ್ಲಿ ಮುದುಕರು ಪದ್ಯಗಳ ಹಾಳೆಗಳನ್ನು ಜೋಡಿಸಿಕೊಂಡು ಕೂತಿದ್ದರು. ಅವಳು ಪಕ್ಕದ ಕುರ್ಚಿಯಲ್ಲಿ ಕೂತಳು. ಮಗಳು ಕಿಟಕಿ ಹತ್ತಿರದ ಬೆಂಚಿನಲ್ಲಿದ್ದಳು. ತಾಯಿ ಒಳಗೆ ಬಂದಿದ್ದನ್ನು ಕಂಡವಳೇ ಚಿಕ್ಕಮ್ಮನ ಕಡೆ ನೋಡಿದಳು. ಚಿಕ್ಕಮ್ಮ ಗೋಡೆಗೆ ಒರಗಿ, ಧೈರ್ಯವಾಗಿರು ಅನ್ನುವ ಹಾಗೆ ತಲೆಯಾಡಿಸಿದಳು. ಅದು ಕತ್ತರಿ ಮೇಡಂ ಕಣ್ಣಿಗೂ ಬಿತ್ತು.

ಒಬ್ಬೊಬ್ಬರಾಗಿ ಬಂದು ಹೇಳಿದರು. ರೈಲ್ವೆ ಗೇಟಿನಾಚೆಯ ಶಾಲೆಯ ಒಬ್ಬ ಉದ್ದನೆ ಹುಡುಗ ಅಲುಗಾಡದೆ, ಒಂದು ಕಡೆಯೂ ತಪ್ಪದೆ ಹೇಳಿ ಕೂತ. ಆಮೇಲೆ ಮಗಳು ಎದ್ದಳು. ಮೊದಲ ಸಾಲಿಗೇ ಕೋಣೆ ನಿಶ್ಶಬ್ದವಾಯಿತು. ಹುಡುಗಿಯ ದನಿ ತಗ್ಗಿತು, ಏರಿತು. ಕೈ ಹಕ್ಕಿಯ ರೆಕ್ಕೆಯಾಯಿತು. ಮುದುಕರು ಹಾಳೆಯ ಮೇಲೆ ಕೈಯಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಾ ಕೂತುಬಿಟ್ಟರು. ತನ್ನ ಮಗಳು ಇಷ್ಟು ಚೆನ್ನಾಗಿ ಹೇಳುತ್ತಾಳೆ ಅಂತ ತಾಯಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಅವಳಿಗೆ ಎಲ್ಲ ಮರೆತೇ ಹೋಯಿತು. ಮುಂದಿನ ನುಡಿಗೆ ಅವಳ ಗಂಟಲೂ ಸಿದ್ಧವಾಯಿತು, ಆ ಮೀನಿನ ಮುಳ್ಳಿನ ಸದ್ದಿಗೆ.

ಆ ಸದ್ದು ಬರಲೇ ಇಲ್ಲ. ಹುಡುಗಿ ಎರಡನೆಯ ನುಡಿಯಿಂದ ನೇರ ನಾಲ್ಕನೆಯದಕ್ಕೆ ಹಾರಿದ್ದಳು. ಉಸಿರೂ ತಪ್ಪಲಿಲ್ಲ, ಕಣ್ಣೂ ಅಳುಕಲಿಲ್ಲ. ಕೊನೆಯ ಸಾಲು ಮುಗಿದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಮುದುಕರೂ ತಟ್ಟಿದರು.

ಅಂಕ ಕೂಡುವಾಗ ಮುದುಕರು ಅಂದರು, "ನಿಮ್ಮ ಮಗಳೇ ಅಂತೆ. ಮೊದಲನೆಯವಳು ಅವಳೇ, ಅದರಲ್ಲಿ ಮಾತಿಲ್ಲ."

ಹೌದು ಅಂದಿದ್ದರೆ ಮುಗಿಯುತ್ತಿತ್ತು.

"ಒಂದು ನುಡಿ ಬಿಟ್ಟಳು" ಅಂದಳು ಕತ್ತರಿ ಮೇಡಂ.

"ನಿಮಗೆ ಜರ್ಮನ್ ಬರತ್ತಾ?"

"ಬರಲ್ಲ. ಮೂರನೆಯದು ಬಿಟ್ಟಳು. ಹಾಳೆ ನೋಡಿ."

ಮುದುಕರು ಕನ್ನಡಕ ಏರಿಸಿ ಹಾಳೆಯ ಮೇಲೆ ಬೆರಳು ಓಡಿಸಿದರು. ಬೆರಳು ಒಂದು ಕಡೆ ನಿಂತಿತು. "ಅಯ್ಯೋ, ಹೌದಲ್ಲ" ಅಂದರು ಮೆಲ್ಲಗೆ. ಆಮೇಲೆ, "ಹೋಗಲಿ ಬಿಡಿ, ಯಾರಿಗೂ ಗೊತ್ತಾಗಿಲ್ಲ. ಎಷ್ಟು ಚೆನ್ನಾಗಿ ಹೇಳಿದಳು ಮಗು."

"ನುಡಿ ಬಿಟ್ಟವರಿಗೆ ಬಹುಮಾನ ಇಲ್ಲ. ನಿಯಮ."

"ಯಾರು ಮಾಡಿದ ನಿಯಮ?"

"ನಾನು."

ಫಲಿತಾಂಶ ಓದಿದಾಗ ಉದ್ದನೆ ಹುಡುಗನ ಶಾಲೆಯವರು ಕೂಗಿ ಕುಣಿದರು. ಸಂಜೆ ಎಲ್ಲ ಅಂಕ ಕೂಡಿದರೆ ಫಲಕವೂ ಅವರದೇ. ಅದನ್ನು ಗೋಡೆಯಿಂದ ಇಳಿಸಿ ಕೊಡುವಾಗ ಹೆಡ್‌ಮಾಸ್ಟರ ಮುಖದಲ್ಲಿ ಇದ್ದ ನಗು ತುಟಿಯಿಂದಾಚೆ ಹೋಗಲಿಲ್ಲ. ಆ ಜಾಗದಲ್ಲಿ ಸುಣ್ಣ ಬೇರೆಯೇ ಬಣ್ಣವಾಗಿತ್ತು.

ಕಾರಿಡಾರಿನಲ್ಲಿ ಮಗಳು ತಾಯಿಯನ್ನು ತಡೆದಳು. ಅತ್ತು ಮುಗಿಸಿದ ಕಣ್ಣು.

"ನೀನೇ ಹೇಳಿದ್ದಾ?"

"ಹೇಳಬೇಕಾಗಿತ್ತು."

"ಬೇರೆ ಯಾರಾದರೂ ಬಿಟ್ಟಿದ್ದರೆ ನಿನಗೆ ಗೊತ್ತಾಗ್ತಿತ್ತಾ?"

ಬೇರೆ ಮಕ್ಕಳ ಪದ್ಯ ಕತ್ತರಿ ಮೇಡಂಗೆ ಬಾಯಿಗೆ ಬರುತ್ತಿರಲಿಲ್ಲ. ಅವರು ಅರ್ಧ ನುಂಗಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಈ ಲೆಕ್ಕ ಕುರ್ಚಿಯಲ್ಲಿ ಕೂತಾಗ ಹೊಳೆದಿರಲಿಲ್ಲ. ಹೊಳೆದಿದ್ದರೂ ಬಾಯಿ ಮುಚ್ಚಿಕೊಂಡಿರುತ್ತಿದ್ದಳೋ ಇಲ್ಲವೋ.

"ನೀನು ಬಿಟ್ಟಿದ್ದು ನಿಜ ತಾನೇ?" ಅಂದಳು ಕೊನೆಗೆ.

"ನಿಜ. ನೀನು ಬಂದು ಆ ಕುರ್ಚಿಯಲ್ಲಿ ಕೂತ ಮೇಲೆ ನನಗೆ ಏನೂ ನೆನಪಾಗಲಿಲ್ಲ" ಅಂತ ಹೇಳಿ ಮಗಳು ಚಿಕ್ಕಮ್ಮನ ಕಡೆ ಹೋದಳು. ಓರಗಿತ್ತಿ ಹುಡುಗಿಯ ಹೆಗಲು ಬಳಸಿ, ಕತ್ತರಿ ಮೇಡಂ ಕಡೆ ನೋಡಿ, "ಸಮಾಧಾನ ಆಯ್ತಾ?" ಅಂತ ಕೇಳಿದಳು. ದನಿ ತಣ್ಣಗಿತ್ತು. ಅಕ್ಕ ಅಂತಲೂ ಇಲ್ಲ, ಮೇಡಂ ಅಂತಲೂ ಇಲ್ಲ.

ಮನೆಯಲ್ಲಿ ಗಂಡ ಮೊದಲ ಸಲ ಬಾಯಿ ತೆರೆದ. "ಬೇಕು ಅಂತಲೇ ಮಾಡಿದೆಯಾ?"

"ಯಾವುದನ್ನ?"

"ಅದನ್ನ ನೀನೇ ಹೇಳು."

ಅವಳು ಫೋನಿನ ವಿಷಯದಲ್ಲಿ ತಾನು ತಪ್ಪು, ಪದ್ಯದ ವಿಷಯದಲ್ಲಿ ಸರಿ ಅಂತ ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಲು ಬಹಳ ದಿನ ಒದ್ದಾಡಿದಳು. ಅವು ಬೇರೆಯಾಗಿ ನಿಲ್ಲುತ್ತಿರಲಿಲ್ಲ.

ಆಡಳಿತದವರು ಜರ್ಮನ್ ಉಳಿಸಿಕೊಂಡರು. ಭಾಷಾ ದಿನವನ್ನೂ ಓರಗಿತ್ತಿಯ ಕೈಗೆ ಕೊಟ್ಟರು. ಕತ್ತರಿ ಮೇಡಂಗೆ ವಾರಕ್ಕೊಂದು ತರಗತಿ, ಉಳಿದ ಹೊತ್ತು ಗ್ರಂಥಾಲಯದ ಮೇಲ್ವಿಚಾರಣೆ ಅಂತ ಹೆಡ್‌ಮಾಸ್ಟರು ಬಹಳ ಮೃದುವಾಗಿ ತಿಳಿಸಿದರು. ಅವಳು ಅಷ್ಟೇ ಮೃದುವಾಗಿ ರಾಜೀನಾಮೆ ಕೊಟ್ಟು, ನೇರ ರೈಲ್ವೆ ಗೇಟಿನಾಚೆಯ ಶಾಲೆಗೆ ಹೋದಳು. ಆ ಶಾಲೆಯಲ್ಲಿ ಫ್ರೆಂಚ್ ಕಲಿಸಲು ಯಾರೂ ನಿಲ್ಲುತ್ತಿರಲಿಲ್ಲ. "ಸ್ವಂತ ಮಗಳ ಅಂಕ ಕತ್ತರಿಸಿದವರು ನೀವೇ ಅಲ್ವಾ?" ಅಂತ ಅಲ್ಲಿನ ಹೆಡ್‌ಮಾಸ್ಟರು ಕೇಳಿದರು. "ಹೌದು" ಅಂದಳು. ಅವತ್ತೇ ಕೆಲಸ ಸಿಕ್ಕಿತು.

ಆ ವರ್ಷವೆಲ್ಲ ಕೆಳಗಿನವರೂ ಮೇಲಿನವರೂ ಒಂದೇ ಗೇಟು ದಾಟಿ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಹೋದರು. ಮಗಳು ತಾಯಿಯ ಹತ್ತಿರ ಉಪ್ಪು ಕೊಡು, ಬೀಗದ ಕೈ ಎಲ್ಲಿ, ಇಷ್ಟರಲ್ಲೇ ಮಾತು ಮುಗಿಸುತ್ತಿದ್ದಳು.

ಮತ್ತೆ ಭಾಷಾ ದಿನ ಬಂತು. ಕತ್ತರಿ ಮೇಡಂ ತನ್ನ ಹೊಸ ಮಕ್ಕಳನ್ನು ಕಟ್ಟಿಕೊಂಡು ಬಸ್ಸಿಳಿದು ಹಳೆಯ ಶಾಲೆಯ ಗೇಟಿಗೆ ಬಂದಳು. ಹೆಸರು ನೋಂದಾಯಿಸುವ ಮೇಜಿನ ಹಿಂದೆ ಅವಳ ಮಗಳೇ ಕೂತಿದ್ದಳು. ಬೆಳಿಗ್ಗೆ ಇಬ್ಬರೂ ಒಂದೇ ಮೇಜಿನಲ್ಲಿ ತಿಂಡಿ ತಿಂದಿದ್ದರು.

"ಯಾವ ಶಾಲೆ?" ಅಂತ ಕೇಳಿದಳು ಮಗಳು, ತಲೆಯೆತ್ತದೆ.

ತಾಯಿ ಹೇಳಿದಳು. ಮಗಳು ಬರೆದುಕೊಂಡು ಬ್ಯಾಡ್ಜುಗಳನ್ನು ಮುಂದಕ್ಕೆ ತಳ್ಳಿದಳು.

"ಮೇಡಂ, ಅವರು ನಿಮಗೆ ಗೊತ್ತಾ?" ಅಂತ ಒಬ್ಬಳು ಹುಡುಗಿ ಪಿಸುಗುಟ್ಟಿದಳು.

"ನನ್ನ ಮಗಳು. ನೆಟ್ಟಗೆ ನಿಂತುಕೋ."

ಓರಗಿತ್ತಿ ಧ್ವನಿವರ್ಧಕ ಹಿಡಿದು ಎಲ್ಲರನ್ನೂ ಸ್ವಾಗತಿಸುತ್ತಾ ಕತ್ತರಿ ಮೇಡಂ ಪಕ್ಕದಲ್ಲೇ ಹಾದುಹೋದಳು. ಅತಿಥಿ ಶಿಕ್ಷಕರ ಕುರ್ಚಿಗಳು ಹಿಂದಿನ ಸಾಲಿನಲ್ಲಿವೆ ಅಂತ ಗಾಳಿಗೆ ಹೇಳುವ ಹಾಗೆ ಹೇಳಿದಳು. ಕತ್ತರಿ ಮೇಡಂ ಕೂರಲಿಲ್ಲ. ಇಡೀ ದಿನ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಹೊಸ ಶಾಲೆಯ ಹುಡುಗಿಗೆ ಫ್ರೆಂಚ್ ಪದ್ಯವಾಚನದಲ್ಲಿ ಎರಡನೆಯ ಸ್ಥಾನ ಬಂತು. ತೀರ್ಪು ಸರಿಯಿಲ್ಲ ಅಂತ ಕತ್ತರಿ ಮೇಡಂ ಓರಗಿತ್ತಿಯ ಹತ್ತಿರ ವಾದಕ್ಕಿಳಿದಳು. ಓರಗಿತ್ತಿ ನಗುತ್ತಲೇ ಆಗುವುದಿಲ್ಲ ಅಂದಳು.

ಸಂಜೆ ಮನೆಯಲ್ಲಿ ಕತ್ತರಿ ಮೇಡಂ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ಮಗಳು ಹಗ್ಗದ ಇನ್ನೊಂದು ತುದಿಯಲ್ಲಿ ಒಣಗಿದ್ದನ್ನು ತೆಗೆಯುತ್ತಿದ್ದಳು.

"ನಿಮ್ಮ ಶಾಲೆ ಹುಡುಗಿ ಚೆನ್ನಾಗಿ ಹೇಳಿದಳು" ಅಂದಳು ಮಗಳು.

"ಕೊನೆಯ ಸಾಲಿಗೆ ಮುಂಚೆ ಉಸಿರು ತಪ್ಪಿದಳು."

"ನನಗೂ ಕೇಳಿಸಿತು. ಎರಡನೆಯ ಸ್ಥಾನ ಸರಿಯಾಗೇ ಇತ್ತು. ನೀನು ಸುಮ್ಮನೆ ಜಗಳ ಆಡಿದೆ."

ಕತ್ತರಿ ಮೇಡಂ ಹಿಂಡಿದ ಬಟ್ಟೆಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. "ಸುಮ್ಮನೆ ಅಲ್ಲ" ಅಂದಳು. "ನಿನ್ನ ಚಿಕ್ಕಮ್ಮನ ಹತ್ತಿರ ಆಡಬೇಕು ಅನ್ನಿಸಿತು."

ಮಗಳು ನಗಲಿಲ್ಲ. ಒಣಗಿದ ಬಟ್ಟೆಗಳನ್ನು ತೋಳಿನ ಮೇಲೆ ಹೇರಿಕೊಂಡು, ಅವುಗಳಲ್ಲಿ ಚಿಕ್ಕಮ್ಮನ ಮನೆಯವನ್ನು ಬೇರೆ ಮಾಡಿ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದಳು.